ಅಂಗಡಿಯಲ್ಲಿ ತಂಪು, ನಡುರಾತ್ರಿ ಸೆಕೆ: ಹಾಸಿಗೆಯ ಬಿಸಿ ಮತ್ತು ಅಲುಗಾಟವನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯ ಮನೆ. ನನಗೆ 46 ವರ್ಷ. ಪತಿಗೆ ಪಾಳಿ ಕೆಲಸವಿರುವುದರಿಂದ ವಾರದಲ್ಲಿ ಮೂರು ನಾಲ್ಕು ದಿನ ರಾತ್ರಿ ಒಂದು ಗಂಟೆಗೆ ಬಂದು ಮಲಗುತ್ತಾರೆ. ನಮ್ಮ ಹಳೆಯ ಕಾಯರ್ ಹಾಸಿಗೆ ನಡುವೆ ಕುಸಿದಿತ್ತು. ಅವರು ಮಗ್ಗುಲು ಬದಲಿಸಿದಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು. ಫೆಬ್ರವರಿಯಲ್ಲಿ 8 ಇಂಚು ದಪ್ಪದ, ಮೇಲ್ಪದರದಲ್ಲಿ ಜೆಲ್ ಇರುವ ಮೆಮೊರಿ ಫೋಮ್ ಹಾಸಿಗೆ ತಂದೆವು. ಅಲುಗಾಟ ಬಹುಪಾಲು ನಿಂತಿತು. ಆದರೆ ಮಾರ್ಚ್ ತಿಂಗಳ ನಡುವಿನಿಂದ ರಾತ್ರಿ ಮೂರರ ಹೊತ್ತಿಗೆ ಬೆನ್ನೆಲ್ಲ ಒದ್ದೆಯಾಗಿ ಎಚ್ಚರವಾಗುತ್ತಿದೆ. ಅಂಗಡಿಯಲ್ಲಿ ಮುಟ್ಟಿ ನೋಡಿದಾಗ ಇದೇ ಹಾಸಿಗೆ ತಣ್ಣಗಿತ್ತು. ಧಾರವಾಡದಲ್ಲಿರುವ ತಂಗಿಯ ಮನೆಯಲ್ಲೂ ಇದೇ ಹಾಸಿಗೆಯಿದೆ, ಅವಳಿಗೆ ಏನೂ ತೊಂದರೆಯಿಲ್ಲ. ಅತ್ತೆಯವರು ಹತ್ತಿ ಹಾಸಿಗೆಯೇ ಸರಿ ಎನ್ನುತ್ತಾರೆ. ಇನ್ನೊಂದು ಅಂಗಡಿಯವರು ಪಾಕೆಟ್ ಸ್ಪ್ರಿಂಗ್ ಹಾಸಿಗೆಯ ಮೇಲೆ ನೀರು ತುಂಬಿದ ಲೋಟ ಇಟ್ಟು, ಪಕ್ಕದಲ್ಲಿ ಹಾರಿ ತೋರಿಸಿದರು, ನೀರು ಚೆಲ್ಲಲಿಲ್ಲ. ಈಗಿನ ಹಾಸಿಗೆಯ 100 ದಿನಗಳ ಟ್ರಯಲ್ ಅವಧಿಯಲ್ಲಿ ಇನ್ನು 40 ದಿನ ಉಳಿದಿದೆ. ಹಿಂದಿರುಗಿಸಬೇಕೇ? ಬಿಸಿ ಮತ್ತು ಅಲುಗಾಟವನ್ನು ನಾವೇ ಪರೀಕ್ಷಿಸಿ ತಿಳಿಯುವ ದಾರಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈಗಿನ ಹಾಸಿಗೆಯನ್ನು ಇಟ್ಟುಕೊಂಡರೆ ಸೆಕೆಯಲ್ಲಿ ನಿದ್ದೆ ಹಾಳಾಗುತ್ತದೆ ಎಂಬುದು ಒಂದು. ಅದನ್ನು ಬದಲಿಸಿದರೆ ಹಳೆಯ ಅಲುಗಾಟ ಮತ್ತೆ ಮರಳುತ್ತದೆ ಎಂಬುದು ಇನ್ನೊಂದು. ಎರಡನ್ನೂ ಮನೆಯಲ್ಲೇ, ದೊಡ್ಡ ಖರ್ಚಿಲ್ಲದೆ ಪರೀಕ್ಷಿಸಬಹುದು, ಮತ್ತು 40 ದಿನ ಅದಕ್ಕೆ ಧಾರಾಳವಾಗಿ ಸಾಕು. ಫೋಮ್ ಮತ್ತು ಸ್ಪ್ರಿಂಗ್ ಹಾಸಿಗೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಅನುಭವದಿಂದ ಮೊದಲೇ ಒಂದು ಮಾತು ಹೇಳುತ್ತೇನೆ: ಅಂಗಡಿಯಲ್ಲಿ ನೀವು ನೋಡಿದ ಎರಡು ಪರೀಕ್ಷೆಗಳು, ಅಂದರೆ ಕೈಯಿಂದ ಮುಟ್ಟಿ ನೋಡಿದ್ದು ಮತ್ತು ಲೋಟ ಇಟ್ಟು ಹಾರಿದ್ದು, ನಿಮ್ಮ ತೊಂದರೆಯನ್ನು ಅಳೆಯುವುದೇ ಇಲ್ಲ. ತೊಂದರೆ ಕಾಣಿಸುವುದು ರಾತ್ರಿ ಮೂರಕ್ಕೆ, ನಿಮ್ಮ ಕೋಣೆಯಲ್ಲಿ, ಹಾಸಿಗೆಯ ಮೇಲೆ ಇಬ್ಬರೂ ಮಲಗಿರುವಾಗ. ಪರೀಕ್ಷೆಯೂ ಅಲ್ಲಿಯೇ, ಆ ಹೊತ್ತಿನಲ್ಲೇ ನಡೆಯಬೇಕು.

ಮೊದಲು ಬಿಸಿಯ ವಿಷಯ. ಫೋಮ್ ಬಿಸಿಯನ್ನು ಉತ್ಪಾದಿಸುತ್ತದೆ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಹಾಸಿಗೆಯಲ್ಲಿರುವ ಶಾಖವೆಲ್ಲ ಒಂದೋ ನಿಮ್ಮ ಮೈಯಿಂದ ಬಂದದ್ದು, ಇಲ್ಲವೇ ಕೋಣೆಯಿಂದ ಬಂದದ್ದು. ನಿದ್ರಿಸುವ ವಯಸ್ಕರ ಮೈ ಸುಮಾರು 70ರಿಂದ 80 ವ್ಯಾಟ್‌ನಷ್ಟು ಶಾಖವನ್ನು ಬಿಡುತ್ತಲೇ ಇರುತ್ತದೆ. ರಾತ್ರಿ ಮೈಯ ಒಳಗಿನ ಉಷ್ಣತೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ಇಳಿಯುತ್ತದೆ ಮತ್ತು ನಸುಕಿಗೆ ಮುಂಚಿನ ಗಂಟೆಗಳಲ್ಲಿ ಅತ್ಯಂತ ಕೆಳಗಿರುತ್ತದೆ. ಹೀಗೆ ಇಳಿಯಬೇಕಾದರೆ ದೇಹವು ಚರ್ಮಕ್ಕೆ ಹೆಚ್ಚು ರಕ್ತ ಹರಿಸಿ ಶಾಖವನ್ನು ಹೊರಗೆ ತಳ್ಳಬೇಕು. ಅಂಗಾತ ಮಲಗಿದಾಗ ಎದೆ ಹೊಟ್ಟೆಗಳ ಕಡೆಯ ಶಾಖವನ್ನು ಫ್ಯಾನಿನ ಗಾಳಿ ಒಯ್ಯುತ್ತದೆ. ಬೆನ್ನಿನ ಕಡೆಯದಕ್ಕೆ ಹಾಸಿಗೆಯೊಂದೇ ದಾರಿ. ಆ ದಾರಿ ಮುಚ್ಚಿಕೊಂಡರೆ ಅಲ್ಲಿ ಬೆವರು ಶೇಖರವಾಗುತ್ತದೆ, ಮೂರು ನಾಲ್ಕು ಗಂಟೆಗಳಲ್ಲಿ ಬಟ್ಟೆ ತೊಯ್ಯುತ್ತದೆ, ನಿದ್ದೆ ಹಗುರವಾಗುವ ಹೊತ್ತಿಗೆ ಎಚ್ಚರವಾಗುತ್ತದೆ.

ಹಾಗಾದರೆ ಮೆಮೊರಿ ಫೋಮ್ ಉಳಿದ ಹಾಸಿಗೆಗಳಿಗಿಂತ ಶಾಖವನ್ನು ಹೆಚ್ಚು ತಡೆಯುತ್ತದೆಯೇ? ಬರಿಯ ಉಷ್ಣವಾಹಕತೆಯನ್ನು ನೋಡಿದರೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಹತ್ತಿ, ತೆಂಗಿನ ನಾರು, ಫೋಮ್ ಎಲ್ಲವೂ ಒಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುವ ವಸ್ತುಗಳೇ, ಹಾಗಾಗಿ ಎಲ್ಲವೂ ಶಾಖಕ್ಕೆ ತಡೆಯೇ. ನಿಜವಾದ ವ್ಯತ್ಯಾಸ ಇರುವುದು ಬೇರೆ ಎರಡು ಕಡೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದ ಆಸನಗಳಲ್ಲಿ ಆಘಾತವನ್ನು ಹೀರಿಕೊಳ್ಳಲೆಂದು ಚಾರ್ಲ್ಸ್ ಯೋಸ್ಟ್ ಈ ಫೋಮನ್ನು ರೂಪಿಸಿದರು. ಮೈಯ ಬಿಸಿ ತಾಗಿದಾಗ ಮೆದುವಾಗಿ, ಮೈಯ ಆಕಾರಕ್ಕೆ ಒಗ್ಗಿ, ನಿಧಾನವಾಗಿ ಮರಳುವುದು ಅದರ ಗುಣ. ಈ ಗುಣದಿಂದಲೇ ನಿಮ್ಮ ಬೆನ್ನು ಮತ್ತು ಸೊಂಟ ಅದರೊಳಗೆ ಇಳಿಯುತ್ತವೆ, ಫೋಮಿಗೆ ತಾಗಿಕೊಂಡಿರುವ ಚರ್ಮದ ಪ್ರಮಾಣ ಹೆಚ್ಚುತ್ತದೆ, ಪಕ್ಕಗಳಿಂದ ಗಾಳಿ ನುಸುಳಲು ಜಾಗ ಉಳಿಯುವುದಿಲ್ಲ. ಎರಡನೆಯದಾಗಿ, ಸಾಂದ್ರವಾದ ಮೆಮೊರಿ ಫೋಮಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯೂ ನೀರಾವಿಯೂ ಹಾದುಹೋಗುವುದು ನಿಧಾನ. ನಿಮ್ಮ ಪತಿಯ ಹೊರಳಾಟ ನಿಮಗೆ ತಾಗದಂತೆ ಮಾಡಿದ ಗುಣ ಮತ್ತು ನಿಮ್ಮ ಬೆನ್ನನ್ನು ಬೆವರಿಸುತ್ತಿರುವ ಗುಣ ಬಹುಮಟ್ಟಿಗೆ ಒಂದೇ. ಹಾಸಿಗೆಯ ಆಯ್ಕೆ ಕಷ್ಟವಾಗುವುದು ಇಲ್ಲಿಯೇ.

ಧಾರವಾಡದ ತಂಗಿಯ ವಿಷಯಕ್ಕೆ ಬರೋಣ; ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಮಾಹಿತಿ ಅದು. ಏಪ್ರಿಲ್ ತಿಂಗಳ ಒಂದು ರಾತ್ರಿ ಧಾರವಾಡದ ಮನೆಯೊಳಗೆ 22 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 60 ಆರ್ದ್ರತೆ ಇದೆ, ಅದೇ ಹೊತ್ತಿಗೆ ಮಂಗಳೂರಿನ ಮನೆಯೊಳಗೆ 28 ಡಿಗ್ರಿ ಮತ್ತು ಶೇ 80 ಆರ್ದ್ರತೆ ಇದೆ ಎಂದು ಇಟ್ಟುಕೊಳ್ಳಿ. ಚರ್ಮದ ಉಷ್ಣತೆ ಸುಮಾರು 34 ಡಿಗ್ರಿ. ಅಂದರೆ ಅಲ್ಲಿ ಚರ್ಮಕ್ಕೂ ಗಾಳಿಗೂ 12 ಡಿಗ್ರಿ ಅಂತರ, ಇಲ್ಲಿ 6 ಡಿಗ್ರಿ. ಬೆವರಿಲ್ಲದೆಯೇ ಹೊರಹೋಗುವ ಶಾಖ ಇಲ್ಲಿ ಅರ್ಧಕ್ಕಿಳಿಯುತ್ತದೆ. ಬೆವರು ಆವಿಯಾಗಲು ಬೇಕಾದ ಆವಿಯ ಒತ್ತಡದ ಅಂತರವೂ ಧಾರವಾಡದಲ್ಲಿ ಮಂಗಳೂರಿನ ಒಂದೂವರೆ ಪಟ್ಟಿಗಿಂತ ಹೆಚ್ಚಿರುತ್ತದೆ. ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗದಿರುವುದಕ್ಕೆ ಏನು ಕಾರಣವೋ, ನಿಮ್ಮ ಬೆನ್ನು ಒಣಗದಿರುವುದಕ್ಕೂ ಅದೇ ಕಾರಣ. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 2,400 ಜೂಲ್ ಶಾಖ ಹೋಗುತ್ತದೆ. ಗಂಟೆಗೆ 20 ಗ್ರಾಂ ಆವಿಯಾದರೆ 13 ವ್ಯಾಟ್‌ನಷ್ಟು ಬಿಡುಗಡೆ. ಅದೇ 20 ಗ್ರಾಂ ಬೆವರು ಆವಿಯಾಗದೆ ಬೆನ್ನಿಗೂ ಬೆಡ್‌ಶೀಟಿಗೂ ನಡುವೆ ಉಳಿದರೆ ಶಾಖವೂ ಹೋಗುವುದಿಲ್ಲ, ಒದ್ದೆಯೂ ತಪ್ಪುವುದಿಲ್ಲ. ಆದ್ದರಿಂದ ಕರಾವಳಿಯ ಮನೆಗೆ ಹಾಸಿಗೆ ಆರಿಸುವಾಗ ಅದು ತಂಪೇ ಎಂದು ಕೇಳುವುದಕ್ಕಿಂತ ತೇವವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂದು ಕೇಳಬೇಕು.

ಈಗ ಜೆಲ್ ಮತ್ತು ಅಂಗಡಿಯ ತಂಪು. ಕೈ ಇಟ್ಟ ಕ್ಷಣ ತಣ್ಣಗೆ ಅನಿಸುವುದು ಸುಳ್ಳಲ್ಲ. ಬಟ್ಟೆಯ ಉದ್ಯಮದಲ್ಲಿ ಇದನ್ನು ಅಳೆಯುವ ಪರೀಕ್ಷೆಯೇ ಇದೆ; ಬೆಚ್ಚಗಿನ ಫಲಕವನ್ನು ಬಟ್ಟೆಗೆ ತಾಗಿಸಿ, ಮೊದಲ ಕ್ಷಣದಲ್ಲಿ ಅದರಿಂದ ಬಟ್ಟೆಗೆ ಹರಿಯುವ ಶಾಖದ ಗರಿಷ್ಠ ವೇಗವನ್ನು ದಾಖಲಿಸುತ್ತಾರೆ. ಅದು ಮೊದಲ ಸ್ಪರ್ಶದ ಅಳತೆಯೇ ಹೊರತು ಇಡೀ ರಾತ್ರಿಯ ಅಳತೆಯಲ್ಲ. ಜೆಲ್ಲಿಗೆ ಫೋಮಿಗಿಂತ ಹೆಚ್ಚು ಶಾಖವನ್ನು ಹೀರಿಕೊಳ್ಳುವ ಶಕ್ತಿಯಿದೆ, ಆದರೆ ಹೀರಿದ್ದನ್ನು ಸಾಗಿಸಲು ಅದರ ಕೆಳಗಿರುವುದು ಮತ್ತೆ ಫೋಮೇ. ಮೇಣದಂತೆ ಕರಗಿ ಶಾಖ ಹೀರುವ ಸೂಕ್ಷ್ಮ ಗುಳಿಗೆಗಳನ್ನು ಬಟ್ಟೆಗೆ ಲೇಪಿಸಿದ ದುಬಾರಿ ಹಾಸಿಗೆಗಳೂ ಇವೆ. ಲೆಕ್ಕ ಹಾಕಿ ನೋಡಿ: ಅಂಥ ವಸ್ತು ಗ್ರಾಂ ಒಂದಕ್ಕೆ ಸುಮಾರು 200 ಜೂಲ್ ಹೀರುತ್ತದೆ, ನಿಮ್ಮ ಮೈಯ ಕೆಳಗೆ 100 ಗ್ರಾಂ ಇದೆ ಎಂದುಕೊಂಡರೆ ಒಟ್ಟು 20,000 ಜೂಲ್. ಮೈಯಿಂದ ಹಾಸಿಗೆಯತ್ತ 25 ವ್ಯಾಟ್ ಹರಿಯುತ್ತಿದ್ದರೆ ಅದು ಹದಿಮೂರು ಹದಿನಾಲ್ಕು ನಿಮಿಷಗಳಲ್ಲಿ ತುಂಬಿಹೋಗುತ್ತದೆ. ನಿದ್ದೆ ಹತ್ತುವ ತನಕದ ಹಿತಕ್ಕೆ ಅದು ನೆರವಾಗಬಹುದು, ಮೂರು ಗಂಟೆಯ ಬೆವರಿಗೆ ಅಲ್ಲ. ತೇವವನ್ನೂ ಸೇರಿಸಿ ಅಳೆಯುವ ನಿಜವಾದ ಪ್ರಯೋಗಾಲಯ ವಿಧಾನವೆಂದರೆ ಬೆವರುವ ಬಿಸಿ ಫಲಕದ ಪರೀಕ್ಷೆ. ಬಟ್ಟೆ ಮತ್ತು ಪದರಗಳಿಗಾಗಿ ಇರುವ ಐಎಸ್‌ಒ 11092 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಚರ್ಮದಂತೆ 35 ಡಿಗ್ರಿಯಲ್ಲಿ ಇಟ್ಟ, ನೀರೂರಿಸುವ ಫಲಕದ ಮೇಲೆ ವಸ್ತುವನ್ನು ಹಾಸಿ, ಶಾಖ ಮತ್ತು ಆವಿ ಎರಡಕ್ಕೂ ಅದು ಎಷ್ಟು ತಡೆ ಒಡ್ಡುತ್ತದೆ ಎಂದು ನೋಡುತ್ತಾರೆ. ಮಾರಾಟಗಾರರು ತಂಪಿನ ಪ್ರಮಾಣಪತ್ರ ತೋರಿಸಿದರೆ ಅದು ಯಾವ ಪರೀಕ್ಷೆಯದು ಎಂದು ಕೇಳಿ. ಮೊದಲ ಸ್ಪರ್ಶದ್ದಾದರೆ ನಿಮಗೆ ಅದರಿಂದ ಪ್ರಯೋಜನವಿಲ್ಲ.

ಹಾಸಿಗೆಯ ಮೇಲೆ ತಪ್ಪು ಹೊರಿಸುವ ಮೊದಲು ಅದರ ಮೇಲೆ ಏನು ಹಾಸಿದ್ದೀರಿ ಎಂದು ನೋಡಬೇಕು. ನೀವು ಬರೆದಿಲ್ಲ, ಆದರೆ ಟ್ರಯಲ್ ಅವಧಿಯಲ್ಲಿರುವ ಹೊಸ ಹಾಸಿಗೆಯೆಂದರೆ ನೀರು ತಡೆಯುವ ಪ್ರೊಟೆಕ್ಟರ್ ಹಾಕಿಯೇ ಇರುತ್ತೀರಿ ಎಂದು ಊಹಿಸುತ್ತೇನೆ, ಏಕೆಂದರೆ ಕಲೆ ಬಿದ್ದ ಹಾಸಿಗೆಯನ್ನು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಪ್ರೊಟೆಕ್ಟರುಗಳ ಮೇಲೆ ಟವೆಲಿನಂಥ ಮೆತ್ತನೆಯ ಬಟ್ಟೆ ಕಂಡರೂ ಅಡಿಯಲ್ಲಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅಗ್ಗದ್ದರಲ್ಲಿ ಆ ಪೊರೆ ನೀರಿನ ಜೊತೆಗೆ ಆವಿಯನ್ನೂ ತಡೆಯುತ್ತದೆ. ಆಗ ಕೆಳಗಿರುವುದು ಮೆಮೊರಿ ಫೋಮೋ, ರಬ್ಬರಿನ ಫೋಮಾದ ಲೇಟೆಕ್ಸೋ ಎಂಬುದು ಬಹುಮಟ್ಟಿಗೆ ಅಪ್ರಸ್ತುತ. ಹಾಸಿಗೆ ಹಾಳಾಗಬಾರದೆಂದು ಅದು ಬಂದ ಪಾಲಿಥಿನ್ ಹೊದಿಕೆಯನ್ನೇ ತೆಗೆಯದೆ ವರ್ಷಗಟ್ಟಲೆ ಮಲಗುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಅದರ ಮೇಲೆ ಪಾಲಿಯೆಸ್ಟರ್ ಬೆಡ್‌ಶೀಟ್ ಹಾಸಿದ್ದರಂತೂ ಎಂಥ ಹಾಸಿಗೆಯೂ ಸೆಕೆಯೇ.

ಕೋಣೆಯೂ ಇದರಲ್ಲಿ ಪಾಲುದಾರ. ಕೊನೆಯ ಮಹಡಿಯ ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲನ್ನು ಹೀರಿ, ಗಂಟೆಗಳ ನಂತರ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ರಾತ್ರಿ ಹತ್ತಕ್ಕೆ ಹೊರಗೆ ತಂಪಾಗಿದ್ದರೂ ಒಳಗೆ ಛಾವಣಿ ಬೆಚ್ಚಗೇ ಇರುತ್ತದೆ, ಫ್ಯಾನು ಆ ಛಾವಣಿಯ ಕೆಳಗಿನ ಗಾಳಿಯನ್ನೇ ನಿಮ್ಮ ಮೇಲೆ ತಳ್ಳುತ್ತದೆ. ಮಂಚವೂ ಹಾಗೆಯೇ: ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚವಾಗಿದ್ದು, ಹಾಸಿಗೆ ಅಖಂಡ ಪ್ಲೈವುಡ್ ಮೇಲೆ ಕುಳಿತಿದ್ದರೆ ಅಡಿಯಿಂದ ತೇವ ಹೋಗಲು ದಾರಿಯಿರುವುದಿಲ್ಲ.

ಇಷ್ಟರಲ್ಲಿ ಯಾವುದು ನಿಮ್ಮ ಬೆನ್ನನ್ನು ತೋಯಿಸುತ್ತಿದೆ ಎಂದು ಊಹಿಸಬೇಕಿಲ್ಲ, ಅಳೆಯಬಹುದು. ಉಷ್ಣತೆ ಮತ್ತು ಆರ್ದ್ರತೆಯನ್ನು ಮೊಬೈಲಿಗೆ ಕಳುಹಿಸುವ ಚಿಕ್ಕ ಬ್ಲೂಟೂತ್ ಮಾಪಕಗಳು ಕೆಲವು ನೂರು ರೂಪಾಯಿಗಳಿಂದ ಸಿಗುತ್ತವೆ, ಎರಡನ್ನು ತರಿಸಿ. ತಂತಿಯ ತುದಿಯಲ್ಲಿ ಸೂಜಿಯಂಥ ಭಾಗವಿರುವ ಅಗ್ಗದ ಮಾಪಕ ಬೇಡ, ಏಕೆಂದರೆ ಅವುಗಳಲ್ಲಿ ಬಹಳಷ್ಟು ತಂತಿಯ ತುದಿಯಲ್ಲಿ ಉಷ್ಣತೆಯನ್ನು ಮಾತ್ರ ಅಳೆದು ಆರ್ದ್ರತೆಯನ್ನು ಪೆಟ್ಟಿಗೆಯ ಬಳಿಯ ಗಾಳಿಯಿಂದ ಓದುತ್ತವೆ, ನಿಮಗೆ ಬೇಕಾದದ್ದು ಮೈಯಡಿಯ ಆರ್ದ್ರತೆ. ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಕೂಡ ಈ ಕೆಲಸಕ್ಕೆ ಬಾರದು. ಅದು ದೇಹದ ಉಷ್ಣತೆಯ ಕಿರಿದಾದ ವ್ಯಾಪ್ತಿಗೆ ಹೊಂದಿಸಿದ ಉಪಕರಣ. ಒಂದು ಮಾಪಕವನ್ನು ಬೆಡ್‌ಶೀಟಿನ ಕೆಳಗೆ, ಬೆನ್ನುಮೂಳೆಗೆ ಒತ್ತದಂತೆ ಸೊಂಟದ ಪಕ್ಕಕ್ಕೆ ಇಡಿ. ಇನ್ನೊಂದು ಅದೇ ಎತ್ತರದಲ್ಲಿ, ಮಂಚದ ಪಕ್ಕದ ಮೇಜಿನ ಮೇಲಿರಲಿ. ಮಲಗಿದ ಹೊತ್ತು, ಅರ್ಧ ಗಂಟೆಯ ನಂತರ, ಎಚ್ಚರವಾದಾಗ, ಬೆಳಗ್ಗೆ ಎದ್ದ ಹದಿನೈದು ನಿಮಿಷಗಳ ನಂತರ: ಈ ನಾಲ್ಕು ಹೊತ್ತಿನ ಅಂಕಿಗಳು ಮುಖ್ಯ. ಮಾಪಕ ತಾನೇ ದಾಖಲಿಸಿಡುವಂಥದ್ದಾದರೆ ನಿದ್ದೆಗೆಡುವ ಅಗತ್ಯವೂ ಇಲ್ಲ.

ಹಿತವಾಗಿ ನಿದ್ರಿಸುವವರ ಮೈಗೂ ಹಾಸಿಗೆಗೂ ನಡುವೆ ಸಾಮಾನ್ಯವಾಗಿ 30ರಿಂದ 34 ಡಿಗ್ರಿ ಇರುತ್ತದೆ, ಮತ್ತು ಆರ್ದ್ರತೆ ಒಂದು ಮಟ್ಟಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ನಿಮ್ಮದರಲ್ಲಿ ಉಷ್ಣತೆ 35 ದಾಟಿ, ಆರ್ದ್ರತೆ ಕೋಣೆಯದ್ದಕ್ಕಿಂತ ಮೇಲೇರುತ್ತಲೇ ಹೋದರೆ ಆವಿ ಸಿಕ್ಕಿಬೀಳುತ್ತಿದೆ ಎಂದು ತಿಳಿಯಬಹುದು. ಎದ್ದ ನಂತರದ ಹದಿನೈದು ನಿಮಿಷಗಳಿಗೆ ನಾನು ವಿಶೇಷ ಬೆಲೆ ಕೊಡುತ್ತೇನೆ: ಆ ದಿನ ಎಷ್ಟು ಬೆವರಿದಿರಿ, ಏನು ಉಂಡಿರಿ ಎಂಬುದೆಲ್ಲ ರಾತ್ರಿಯ ಅಂಕಿಯನ್ನು ಏರುಪೇರು ಮಾಡುತ್ತದೆ, ಆದರೆ ಖಾಲಿಯಾದ ಹಾಸಿಗೆ ಎಷ್ಟು ಬೇಗ ಕೋಣೆಯ ಆರ್ದ್ರತೆಗೆ ಮರಳುತ್ತದೆ ಎಂಬುದು ಬಹುಮಟ್ಟಿಗೆ ಹಾಸಿಗೆಯ ಮತ್ತು ಅದರ ಮೇಲ್ಹಾಸಿನ ಸ್ವಂತ ಗುಣ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಗೆ ಮೂರು ರಾತ್ರಿಯಾದರೂ ಕೊಡಿ. ಮೊದಲು ಈಗಿರುವಂತೆಯೇ ಅಳೆಯಿರಿ. ಬಳಿಕ ಪ್ರೊಟೆಕ್ಟರ್ ತೆಗೆದು, ಅದರ ಬದಲು ದಪ್ಪನೆಯ ಹತ್ತಿಯ ಹಾಸು ಅಥವಾ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಹಾಕಿ, ಮೇಲೆ ಶುದ್ಧ ಹತ್ತಿಯ ಬೆಡ್‌ಶೀಟ್ ಹಾಸಿ. ಆಮೇಲೆ ಅದರ ಮೇಲೊಂದು ಹುಲ್ಲಿನ ಚಾಪೆ ಹಾಸಿ ನೋಡಿ. ಬೇಸಿಗೆಯಲ್ಲಿ ಹಾಸಿಗೆಯ ಮೇಲೆ ಚಾಪೆ ಹಾಸುವ ಹಿರಿಯರ ರೂಢಿಯಲ್ಲಿ ನಿಜವಾದ ತಿಳಿವಳಿಕೆಯಿದೆ, ಚಾಪೆ ಮೈಯನ್ನು ಫೋಮಿನೊಳಗೆ ಇಳಿಯಗೊಡದೆ, ಹುಲ್ಲುಕಡ್ಡಿಗಳ ನಡುವೆ ಗಾಳಿಗೆ ಜಾಗ ಬಿಡುತ್ತದೆ. ಕೊನೆಗೆ, ಸಾಧ್ಯವಾದರೆ, ಮೂರು ರಾತ್ರಿ ಇದೇ ಕೋಣೆಯಲ್ಲಿ ಅತ್ತೆಯವರ ಹತ್ತಿ ಹಾಸಿಗೆಯ ಮೇಲೆ ಮಲಗಿ ಅಳೆಯಿರಿ. ಹತ್ತಿ ಹಾಸಿಗೆಯ ಮೇಲೂ ಮೂರು ಗಂಟೆಗೆ ಅಷ್ಟೇ ಒದ್ದೆಯಾದರೆ ಹಾಸಿಗೆಯನ್ನು ಹಿಂದಿರುಗಿಸಿ ಪ್ರಯೋಜನವಿಲ್ಲ. ದೋಷ ಕೋಣೆಯಲ್ಲಿದೆ, ಇಲ್ಲವೇ ಕಾರಣ ಮೈಯಲ್ಲಿದೆ.

ಮೈಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ವೈದ್ಯನಲ್ಲ, ಆದರೆ 46ರ ವಯಸ್ಸಿನ ಮಹಿಳೆಯರಿಂದ ಹಾಸಿಗೆಯ ಬಗ್ಗೆ ಬರುವ ಇಂಥ ದೂರುಗಳಲ್ಲಿ ಮುಟ್ಟು ನಿಲ್ಲುವ ಹಂತದ ಬೆವರು ಸೇರಿಕೊಂಡಿರುವುದು ಅಪರೂಪವಲ್ಲ. ಥೈರಾಯ್ಡ್ ತೊಂದರೆ, ಕೆಲವು ಔಷಧಗಳು, ಕ್ಷಯದಂಥ ಸೋಂಕುಗಳೂ ರಾತ್ರಿ ಬೆವರಿಗೆ ಕಾರಣವಾಗುತ್ತವೆ. ಬೆನ್ನು ಮಾತ್ರವಲ್ಲದೆ ಎದೆ ಕುತ್ತಿಗೆಗಳೂ ತೊಯ್ಯುತ್ತಿದ್ದರೆ, ತಂಪಾದ ರಾತ್ರಿಯಲ್ಲೂ ಹೀಗಾದರೆ, ಜೊತೆಗೆ ಜ್ವರ, ಕೆಮ್ಮು ಅಥವಾ ತೂಕ ಇಳಿಕೆ ಇದ್ದರೆ ಹಾಸಿಗೆಯ ಪರೀಕ್ಷೆಗೆ ಕಾಯದೆ ವೈದ್ಯರನ್ನು ಕಾಣಿರಿ.

ಇನ್ನು ಅಲುಗಾಟ. ಲೋಟದ ಪ್ರದರ್ಶನ ನೋಡಲು ಚೆನ್ನಾಗಿದೆ, ಆದರೆ ಲೋಟ ಉರುಳುವುದು ಅದರ ಅಡಿಯ ನೆಲ ವಾಲಿದಾಗ ಮಾತ್ರ. ಹಾಸಿಗೆ ಮೇಲೆ ಕೆಳಗೆ ಕಂಪಿಸಿದರೂ ಅಗಲ ತಳದ ಲೋಟ ನೆಟ್ಟಗೆ ನಿಲ್ಲುತ್ತದೆ, ನೀರೂ ಚೆಲ್ಲುವುದಿಲ್ಲ. ನಿದ್ರಿಸುವ ಮನುಷ್ಯನಿಗೆ ಅದಕ್ಕಿಂತ ಎಷ್ಟೋ ಸಣ್ಣ ಕಂಪನವೂ ತಿಳಿಯುತ್ತದೆ. ಅಲ್ಲದೆ ಲೋಟದ ಜಾಗದಲ್ಲಿ ಭಾರವೇ ಇಲ್ಲ. ಮನೆಯಲ್ಲಿ ಅಲ್ಲಿ ನೀವು ಮಲಗಿರುತ್ತೀರಿ, ನಿಮ್ಮ ಭಾರಕ್ಕೆ ಮೇಲ್ಹಾಸಿನ ಬಟ್ಟೆ ಬಿಗಿಯಾಗಿ ಎಳೆದುಕೊಂಡಿರುತ್ತದೆ, ಸ್ಪ್ರಿಂಗುಗಳು ಒತ್ತಿಕೊಂಡಿರುತ್ತವೆ, ಪಕ್ಕದವರ ಚಲನೆ ಆ ಬಿಗುವಿನ ಮೂಲಕ ಹಾದು ಬರುತ್ತದೆ. ಖಾಲಿ ಹಾಸಿಗೆಯ ಪರೀಕ್ಷೆಯಲ್ಲಿ ಇದೊಂದೂ ಇರುವುದಿಲ್ಲ.

ಚಲನೆಯಲ್ಲಿ ಎರಡು ಪ್ರಶ್ನೆಗಳಿವೆ: ಎಷ್ಟು ದೊಡ್ಡದಾಗಿ ಬಂದು ತಲುಪುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ. ಫೋಮ್ ಕಾರ್ಖಾನೆಗಳಲ್ಲಿ ಉಕ್ಕಿನ ಸಣ್ಣ ಗುಂಡನ್ನು ಬೀಳಿಸಿ ಅದು ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಎಂದು ಅಳೆಯುತ್ತಾರೆ. ಲೇಟೆಕ್ಸ್ ಮೇಲೆ ಗುಂಡು ಚೆನ್ನಾಗಿ ಪುಟಿಯುತ್ತದೆ, ಮೆಮೊರಿ ಫೋಮ್ ಮೇಲೆ ಬಹುತೇಕ ಅಲ್ಲಿಯೇ ಸಾಯುತ್ತದೆ. ಹಳೆಯ ಬಗೆಯ ಬೊನೆಲ್ ಸ್ಪ್ರಿಂಗ್ ಹಾಸಿಗೆಯಲ್ಲಿ ಸುರುಳಿಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಬೆಸೆದಿರುವುದರಿಂದ ಒಂದು ಅಲುಗಿದರೆ ನೆರೆಯವೆಲ್ಲ ಅಲುಗುತ್ತವೆ. ಪಾಕೆಟ್ ಸ್ಪ್ರಿಂಗಿನಲ್ಲಿ ಪ್ರತಿ ಸುರುಳಿಯೂ ತನ್ನದೇ ಬಟ್ಟೆಯ ಚೀಲದಲ್ಲಿ ಬಹುಮಟ್ಟಿಗೆ ಸ್ವತಂತ್ರವಾಗಿ ಕುಗ್ಗುತ್ತದೆ. ಕಾಯರ್ ಹಾಸಿಗೆ ಗಟ್ಟಿಯಾದ್ದರಿಂದ ಅಷ್ಟಾಗಿ ಕುಗ್ಗುವುದೇ ಇಲ್ಲ. ಆದ್ದರಿಂದಲೇ ನಿಮ್ಮ ಹಳೆಯ ಹಾಸಿಗೆಯ ಬಗ್ಗೆ ನನಗೊಂದು ಸಂದೇಹವಿದೆ: ಅದರ ತೊಂದರೆ ತೆಂಗಿನ ನಾರಿನದ್ದಾಗಿರದೆ, ನಡುವಿನ ಕುಸಿತದ್ದಾಗಿರಬಹುದು. ಕುಸಿದ ಹಾಸಿಗೆಯಲ್ಲಿ ಇಬ್ಬರೂ ನಡುವಿನ ಇಳಿಜಾರಿಗೆ ಜಾರುತ್ತೀರಿ, ಒಬ್ಬರು ಹೊರಳಿದರೆ ಇನ್ನೊಬ್ಬರ ನೆಲೆಯೇ ಬದಲಾಗುತ್ತದೆ. ಹೊಸ ಮೆಮೊರಿ ಫೋಮನ್ನು ಕುಸಿದ ಹಳೆಯ ಕಾಯರಿಗೆ ಹೋಲಿಸಿ ಕಾಯರ್ ಅಲುಗುತ್ತದೆ ಎಂದು ತೀರ್ಮಾನಿಸಿದರೆ ಅದು ನ್ಯಾಯವಾದ ಹೋಲಿಕೆಯಾಗುವುದಿಲ್ಲ.

ಮಂಚವನ್ನೂ ಬಿಡುವಂತಿಲ್ಲ. ಬೋಲ್ಟ್ ಸಡಿಲವಾದ, ನಡುವೆ ಕಾಲಿಲ್ಲದ ದೊಡ್ಡ ಮಂಚ ಹಾಸಿಗೆಗಿಂತ ಹೆಚ್ಚು ಚಲನೆಯನ್ನು ಸಾಗಿಸುತ್ತದೆ. ಒಂದು ರಾತ್ರಿ ಹಾಸಿಗೆಯನ್ನು ನೆಲಕ್ಕೆ ಹಾಕಿ ಮಲಗಿ ನೋಡಿದರೆ ಮಂಚದ ಪಾಲೆಷ್ಟು ಎಂಬುದು ಗೊತ್ತಾಗುತ್ತದೆ. ಆದರೆ ಕರಾವಳಿಯಲ್ಲಿ ಅದನ್ನು ಒಂದೆರಡು ರಾತ್ರಿಗಿಂತ ಹೆಚ್ಚು ನೆಲದ ಮೇಲೆ ಬಿಡಬೇಡಿ, ಅಡಿಯಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತದೆ.

ಅಳೆಯಲು ನಿಮ್ಮ ಮೊಬೈಲೇ ಸಾಕು. ಅದರೊಳಗಿನ ವೇಗೋತ್ಕರ್ಷ ಸಂವೇದಕವನ್ನು, ಅಂದರೆ ಅಲುಗಾಟವನ್ನು ಗ್ರಹಿಸುವ ಭಾಗವನ್ನು ಓದಿ ಗೆರೆಯಾಗಿ ತೋರಿಸುವ ಉಚಿತ ಆ್ಯಪುಗಳಿವೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೈಫಾಕ್ಸ್ ಅಂಥ ಒಂದು. ಗುರುತ್ವವನ್ನು ಕಳೆದು ತೋರಿಸುವ ಆಯ್ಕೆಯನ್ನು ಒತ್ತಿ, ನೀವು ಎಂದಿನ ಜಾಗದಲ್ಲಿ ಮಲಗಿ, ಮೊಬೈಲನ್ನು ಸೊಂಟದ ಪಕ್ಕದಲ್ಲಿ ಹಾಸಿಗೆಯ ಮೇಲಿಟ್ಟು ಅಲುಗದೆ ಇರಿ. ಪತಿ ಮೂರು ಕೆಲಸಗಳನ್ನು ಮಾಡಲಿ: ಅಂಚಿನಲ್ಲಿ ಕುಳಿತು ಮಲಗುವುದು, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವುದು, ಎದ್ದು ಹೋಗುವುದು. ಪ್ರತಿಯೊಂದನ್ನೂ ನಾಲ್ಕೈದು ಸಲ ಮಾಡಿ, ಗೆರೆಯ ಅತಿ ಎತ್ತರದ ತುದಿಯನ್ನೂ ಅದು ಮತ್ತೆ ಸಪಾಟಾಗಲು ಹಿಡಿದ ಸಮಯವನ್ನೂ ಗುರುತು ಮಾಡಿಕೊಳ್ಳಿ. ಇಷ್ಟಿದ್ದರೆ ಒಳ್ಳೆಯದು ಎಂಬ ಸಾರ್ವತ್ರಿಕ ಅಂಕಿ ಇಲ್ಲ, ನೀವು ನೋಡಬೇಕಾದದ್ದು ಹೋಲಿಕೆಯನ್ನು. ಇದೇ ಮೊಬೈಲಿನಿಂದ, ಇದೇ ಮೂರು ಕೆಲಸಗಳನ್ನು ಅಂಗಡಿಯ ಪಾಕೆಟ್ ಸ್ಪ್ರಿಂಗ್ ಮೇಲೂ ಮಾಡಿ ನೋಡಿ. ಇಬ್ಬರೂ ಹೋಗಿ ಹತ್ತು ನಿಮಿಷ ಮಲಗಿ ಪರೀಕ್ಷಿಸುವುದಕ್ಕೆ ಸಂಕೋಚ ಬೇಡ, ಇಷ್ಟು ಹಣ ಕೊಟ್ಟು ಕೊಳ್ಳುವವರಿಗೆ ಆ ಹಕ್ಕಿದೆ.

ಮೊಬೈಲ್ ಅಳೆಯದ ಒಂದು ಸಂಗತಿಯೂ ಇದೆ. ಒಂದೇ ಹೊದಿಕೆಯನ್ನು ಇಬ್ಬರೂ ಹೊದೆಯುತ್ತಿದ್ದರೆ ಅದನ್ನು ಎಳೆದುಕೊಂಡಾಗಲೂ ಎಚ್ಚರವಾಗುತ್ತದೆ. ಬಾಗಿಲ ಸದ್ದು, ಸ್ನಾನದ ಮನೆಯ ಬೆಳಕುಗಳಿಂದಲೂ ಎಚ್ಚರವಾಗುತ್ತದೆ. ಬೇರೆ ಬೇರೆ ಹೊದಿಕೆ ಬಳಸಿ ಒಂದು ವಾರ ನೋಡಿ. ಇದಕ್ಕೆ ಖರ್ಚೇನೂ ಇಲ್ಲ.

ಅಳತೆಗಳು ಬಂದ ನಂತರ ದಾರಿಗಳು ಹೀಗಿವೆ. ಪ್ರೊಟೆಕ್ಟರ್ ತೆಗೆದಾಗ ಆರ್ದ್ರತೆ ಸ್ಪಷ್ಟವಾಗಿ ಇಳಿದರೆ ಹಾಸಿಗೆಯನ್ನು ಇಟ್ಟುಕೊಳ್ಳುವುದೇ ಮೇಲು, ಏಕೆಂದರೆ ಅಲುಗಾಟ ಈಗಾಗಲೇ ಬಗೆಹರಿದಿದೆ. ಹತ್ತಿಯ ಹಾಸು, ಚಾಪೆ, ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಪ್ರತಿಫಲಿಸುವ ಬಣ್ಣ, ಇವುಗಳಲ್ಲೇ ಕೆಲಸ ಮುಗಿಯಬಹುದು. ಅಪಾಯವೆಂದರೆ ಕಲೆ, ನೀರು ತಡೆಯುವ ಪೊರೆಯಿಲ್ಲದೆ ಬೆವರಿನ ಕಲೆ ಬಿದ್ದರೆ ವಾರಂಟಿಗೆ ತಕರಾರು ಬರಬಹುದು. ಎ.ಸಿ. ಇದ್ದರೆ ಅದನ್ನು 26 ಅಥವಾ 27ಕ್ಕೆ ಇಟ್ಟು ಫ್ಯಾನನ್ನೂ ನಿಧಾನವಾಗಿ ತಿರುಗಿಸಿ. ಅದು ಗಾಳಿಯ ತೇವವನ್ನು ತೆಗೆಯುವುದೇ ನಿಮಗೆ ಮುಖ್ಯ, 20 ಡಿಗ್ರಿಯ ಚಳಿ ಅಲ್ಲ. ಅಷ್ಟು ತಂಪಿನಲ್ಲಿ ಮೆಮೊರಿ ಫೋಮ್ ಗಟ್ಟಿಯೂ ಆಗುತ್ತದೆ.

ಪಾಕೆಟ್ ಸ್ಪ್ರಿಂಗ್ ಬಿಸಿ ಮತ್ತು ಅಲುಗಾಟಗಳ ನಡುವೆ ಒಳ್ಳೆಯ ಹೊಂದಾಣಿಕೆ, ಸುರುಳಿಗಳ ನಡುವೆ ಗಾಳಿ ಓಡಾಡುತ್ತದೆ. ಆದರೆ ಅದರ ಮೇಲೆ ಎರಡು ಮೂರು ಇಂಚು ಮೆಮೊರಿ ಫೋಮ್ ಹೊದಿಸಿದ ಮಾದರಿಗಳು ಬಹಳ, ಅವುಗಳಿಂದ ಬೆನ್ನಿಗೆ ಸಿಗುವುದು ಈಗಿನದ್ದೇ ಅನುಭವ. ಮೈಗೆ ತಾಗುವ ಮೇಲಿನ ಪದರಗಳು ಏನು, ಎಷ್ಟು ದಪ್ಪ ಎಂದು ಬರಹದಲ್ಲಿ ಕೇಳಿ. ಕರಾವಳಿಯ ಉಪ್ಪುಗಾಳಿಯಲ್ಲಿ ತಂತಿ ತುಕ್ಕು ಹಿಡಿಯುವ ಸಾಧ್ಯತೆಯನ್ನೂ ಮನಸ್ಸಿನಲ್ಲಿಡಿ. ಪೂರ್ತಿ ಲೇಟೆಕ್ಸ್ ಹಾಸಿಗೆ ಮೈಯನ್ನು ಎತ್ತಿ ಹಿಡಿಯುತ್ತದೆ, ಅದರ ಉದ್ದಕ್ಕೂ ಇರುವ ರಂಧ್ರಗಳು ಗಾಳಿಗೆ ಅನುಕೂಲ. ಆದರೆ ಪುಟಿಯುವ ಗುಣದಿಂದ ಪತಿಯ ಚಲನೆ ನಿಮಗೆ ಸ್ವಲ್ಪವಾದರೂ ತಿಳಿದೇ ತಿಳಿಯುತ್ತದೆ, ಬೆಲೆ ಹೆಚ್ಚು, ಆರು ಇಂಚಿನ ಜೋಡಿ ಹಾಸಿಗೆಯ ತೂಕ 35 ಕಿಲೋ ಆಸುಪಾಸಿಗೆ ಬರುವುದರಿಂದ ಎತ್ತಿ ಬಿಸಿಲಿಗೆ ಹಾಕುವುದೂ ಕಷ್ಟ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಹತ್ತಿ ತೇವವನ್ನು ಹೀರುತ್ತದೆ, ಮೈಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಎರಡು ಹಾಸಿಗೆಗಳಾಗಿ ಹೊಲಿಸಿದರೆ ಅಲುಗಾಟದ ಪ್ರಶ್ನೆಯೇ ಇಲ್ಲ. ಅದಕ್ಕೆ ಬೇಕಾದದ್ದು ಬಿಸಿಲು, ಮತ್ತು ಕೆಲವು ವರ್ಷಗಳಿಗೊಮ್ಮೆ ಹತ್ತಿಯನ್ನು ಹಿಂಜಿಸಿ ಮತ್ತೆ ತುಂಬಿಸುವುದು. ಉತ್ತರ ಕರ್ನಾಟಕದಲ್ಲಿ ಪಿಂಜಾರರು ಇಂದಿಗೂ ಗಾದಿಗಳಿಗೆ ಈ ಕೆಲಸ ಮಾಡುತ್ತಾರೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಸಿಗದಿರುವುದು ದೊಡ್ಡ ತೊಡಕು. ಆ ತಿಂಗಳುಗಳಲ್ಲಿ ಹೀರಿದ ತೇವವನ್ನು ಹತ್ತಿ ಬಿಡುವುದೇ ಇಲ್ಲ, ಗಂಟುಗಟ್ಟಿ ಮುಗ್ಗಲು ವಾಸನೆ ಹಿಡಿಯುತ್ತದೆ.

ಹಿಂದಿರುಗಿಸುವುದೇ ಆದರೆ ನಿಮ್ಮ ಪರಿಸ್ಥಿತಿಗೆ ನಾನು ಮೊದಲು ಸೂಚಿಸುವುದು ಒಂದೇ ಮಂಚದ ಮೇಲೆ ಎರಡು ಒಂಟಿ ಹಾಸಿಗೆಗಳನ್ನು. ಜರ್ಮನಿ ಮತ್ತು ಸ್ಕ್ಯಾಂಡಿನೇವಿಯಾದ ದಂಪತಿಗಳಲ್ಲಿ ಇದು ಸಾಮಾನ್ಯ ರೂಢಿ. 72 ಇಂಚು ಅಗಲದ ಮಂಚಕ್ಕೆ 36 ಇಂಚಿನ ಎರಡು ಸರಿಯಾಗಿ ಕೂರುತ್ತವೆ. ಚಲನೆ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲದ ಮೇಲೆ ಅಲುಗಾಟ ಹೀರುವ ಫೋಮಿನ ಅಗತ್ಯವೂ ಇಲ್ಲ. ನಿಮಗೆ ಕಾಯರ್ ಮೇಲೆ ತೆಳುವಾದ ಲೇಟೆಕ್ಸ್ ಇರುವಂಥದ್ದು, ಪತಿಗೆ ಅವರಿಗೆ ಹಿತವಾದದ್ದು ಆರಿಸಬಹುದು. ಮೆಮೊರಿ ಫೋಮಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಆ ಎರಡು ಗುಣಗಳು ಇಲ್ಲಿ ಬೇರ್ಪಡುತ್ತವೆ. ಅನನುಕೂಲಗಳೂ ಇವೆ: ನಡುವೆ ಸಂದು ಬರುತ್ತದೆ, ಎರಡರ ಎತ್ತರ ಒಂದೇ ಇರಬೇಕು, ಹಾಸಿಗೆಗಳು ಸರಿಯದಂತೆ ಪಟ್ಟಿ ಕಟ್ಟಬೇಕು, ಮಂಚ 60 ಇಂಚಿನದ್ದಾದರೆ ಒಬ್ಬೊಬ್ಬರಿಗೆ 30 ಇಂಚು ಮಾತ್ರ ಸಿಗುವುದರಿಂದ ಇಕ್ಕಟ್ಟಾಗುತ್ತದೆ.

ಪರೀಕ್ಷೆಗಳನ್ನು 25 ದಿನಗಳೊಳಗೆ ಮುಗಿಸಿಕೊಳ್ಳಿ. ಅದಕ್ಕೂ ಮೊದಲು, ಇವತ್ತೇ, ಕಂಪನಿಗೆ ಇಮೇಲ್ ಬರೆದು ಮೂರು ವಿಷಯಗಳನ್ನು ಕೇಳಿ: 100 ದಿನ ಎಂದು ಎಣಿಸುವುದು ಹಣ ಕಟ್ಟಿದ ದಿನದಿಂದಲೋ ಹಾಸಿಗೆ ಮನೆಗೆ ಬಂದ ದಿನದಿಂದಲೋ, ಸಾಗಣೆಯ ಖರ್ಚು ಯಾರದು, ಪ್ರೊಟೆಕ್ಟರ್ ಇಲ್ಲದೆ ಬಳಸಿದರೆ ಟ್ರಯಲ್ ಷರತ್ತು ಮುರಿಯುತ್ತದೆಯೇ. ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಪ್ರೊಟೆಕ್ಟರನ್ನು ತೆಗೆಯದೆ, ಅದರ ಮೇಲೆಯೇ ದಪ್ಪ ಕೌದಿ ಮತ್ತು ಚಾಪೆ ಹಾಸಿ ಪರೀಕ್ಷಿಸಿ. ಬೆವರನ್ನು ಹೀರಲು ಅಷ್ಟು ಹತ್ತಿ ಸಿಕ್ಕರೂ ವ್ಯತ್ಯಾಸ ಅಳತೆಯಲ್ಲಿ ಕಾಣಿಸುತ್ತದೆ.